ಗಡಿಯಾರವುಳ್ಳ ಕಾಫಿ ಯಂತ್ರ ಮತ್ತು ಆನೆಗೊಂದಿಯ ಅಡುಗೆಮನೆ

ಮನೆಬಳಕೆಯ ಡ್ರಿಪ್ ಕಾಫಿ ಯಂತ್ರವನ್ನು ಅಳೆಯುವ ಮಾನದಂಡಗಳು ರೂಪುಗೊಂಡದ್ದು ಹಾಲು ಬೆರೆಸದ ತೆಳು ಕಾಫಿಯನ್ನು ದೊಡ್ಡ ಬಟ್ಟಲುಗಳಲ್ಲಿ ಕುಡಿಯುವ ದೇಶಗಳಲ್ಲಿ. ಅವನ್ನೇ ನಂಬಿ ತುಂಗಭದ್ರೆಯ ಉತ್ತರ ದಂಡೆಯ ಆನೆಗೊಂದಿಯ ಅಡುಗೆಮನೆಗೆ ಯಂತ್ರ ಕೊಳ್ಳುವವರು ಬೇಡದ ಸೌಲಭ್ಯಕ್ಕೆ ಹಣ ತೆತ್ತು, ಬೇಕಾದ ಗುಣವನ್ನು ಗಮನಿಸದೆ ಬಿಡುವ ಸಂಭವವೇ ಹೆಚ್ಚು. ಜರ್ಮನಿಯಲ್ಲಿ 1954ರಲ್ಲಿ ಪೇಟೆಂಟ್ ಪಡೆದ ವಿಗೊಮ್ಯಾಟ್ ಈ ಬಗೆಯ ವಿದ್ಯುತ್ ಯಂತ್ರಗಳಲ್ಲಿ ಮೊದಲನೆಯದೆಂದು ಗಣಿಸಲ್ಪಟ್ಟಿದೆ. 1972ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಮಿಸ್ಟರ್ ಕಾಫಿ ಅದನ್ನು ಸಾಮಾನ್ಯರ ಮನೆಗೆ ತಲುಪಿಸಿತು. ಮುಂದೆ ಇದಕ್ಕೆ ಗಡಿಯಾರ ಸೇರಿ, ರಾತ್ರಿ ಪುಡಿ ಮತ್ತು ನೀರು ತುಂಬಿ ಸಮಯ ಗೊತ್ತುಮಾಡಿದರೆ ಬೆಳಿಗ್ಗೆ ತಾನಾಗಿಯೇ ಕಾಫಿ ಇಳಿಸುವ ಯಂತ್ರ ಬಂದಿತು. ಬೆಲೆಯ ವ್ಯತ್ಯಾಸಕ್ಕೆ ಮಾರಾಟಗಾರರು ಮೊದಲು ಕೊಡುವ ಕಾರಣ ಈ ಗಡಿಯಾರವೇ ಆದ್ದರಿಂದ ವಿಮರ್ಶೆಯೂ ಅಲ್ಲಿಂದಲೇ ಆರಂಭವಾಗಬೇಕು.

ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆ ದಿನದ ಪಾನೀಯ ಚಹಾ. ಕಾಫಿಯ ಅಭ್ಯಾಸವಿರುವ ಮನೆಗಳಲ್ಲಿಯೂ ಅದು ಹಾಲು ಬೆರೆತ ಫಿಲ್ಟರ್ ಕಾಫಿಯೇ ಹೊರತು ಕಪ್ಪು ಕಾಫಿಯಲ್ಲ. ಯಂತ್ರವು ಐದು ಗಂಟೆಗೆ ಡಿಕಾಕ್ಷನ್ ಇಳಿಸಿಟ್ಟರೂ ಹಾಲು ಕಾಯಿಸಲು ಯಾರಾದರೂ ಎದ್ದು ಒಲೆ ಹೊತ್ತಿಸಲೇಬೇಕಾಗುವುದರಿಂದ, ಎದ್ದ ಕೂಡಲೇ ಕಾಫಿ ಸಿದ್ಧವೆಂಬ ಭರವಸೆ ಅರ್ಧಕ್ಕೇ ನಿಲ್ಲುತ್ತದೆ. ಆ ಅರ್ಧವನ್ನಾದರೋ ಎರಡು ಅಂತಸ್ತಿನ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರು ವಿದ್ಯುತ್ತಿನ ಹಂಗಿಲ್ಲದೆ ಬಹುಕಾಲದಿಂದ ನಡೆಸಿಕೊಂಡು ಬಂದಿದೆ: ಮಲಗುವ ಮುನ್ನ ಮೇಲಿನ ಪಾತ್ರೆಗೆ ಪುಡಿ ಹಾಕಿ, ಬಿಲ್ಲೆಯಿಂದ ಹದವಾಗಿ ಒತ್ತಿ, ಕುದಿನೀರು ಸುರಿದಿಟ್ಟರೆ ಬೆಳಗಾಗುವಷ್ಟರಲ್ಲಿ ಗಟ್ಟಿ ಡಿಕಾಕ್ಷನ್ ಕೆಳಗಿಳಿದಿರುತ್ತದೆ. ಇಲ್ಲಿ ಸೂಕ್ಷ್ಮವಾದ ಇನ್ನೊಂದು ವ್ಯತ್ಯಾಸವೂ ಇದೆ. ಫಿಲ್ಟರಿನಲ್ಲಿ ಪುಡಿಗೆ ರಾತ್ರಿಯೇ ನೀರು ಸೇರುತ್ತದೆ. ಗಡಿಯಾರದ ಯಂತ್ರದಲ್ಲಿ ಒಣಪುಡಿ ತೆರೆದ ಬುಟ್ಟಿಯಲ್ಲಿ ರಾತ್ರಿಯಿಡೀ ಗಾಳಿಗೆ ಒಡ್ಡಿಕೊಂಡಿದ್ದು, ಬೇಸಿಗೆಯ ಸೆಕೆಯಲ್ಲಿ ಅದರ ಪರಿಮಳ ಮತ್ತಷ್ಟು ಬೇಗ ಹಾರಿಹೋಗುತ್ತದೆ.

ಗಡಿಯಾರದ ಇನ್ನೊಂದು ದೌರ್ಬಲ್ಯ ವಿದ್ಯುತ್ ಪೂರೈಕೆಗೆ ಸಂಬಂಧಿಸಿದ್ದು. ಗಾಳಿಮಳೆಗೆ ನಡುರಾತ್ರಿ ಕರೆಂಟು ಹೋಗಿಬಂದರೆ, ಒಳಗೆ ಬ್ಯಾಟರಿಯ ಆಸರೆಯಿಲ್ಲದ ಯಂತ್ರವು ಸಮಯವನ್ನೂ ಆಜ್ಞೆಯನ್ನೂ ಮರೆತು ಮತ್ತೆ ಹನ್ನೆರಡು ಗಂಟೆಯನ್ನು ಮಿನುಗಿಸುತ್ತ ನಿಲ್ಲುತ್ತದೆ. ಮನೆಯ ಇನ್ವರ್ಟರನ್ನು ನಂಬುವಂತೆಯೂ ಇಲ್ಲ. ದೀಪ ಮತ್ತು ಫ್ಯಾನುಗಳಿಗೆಂದು ಅಳವಡಿಸಿದ ಸಣ್ಣ ಇನ್ವರ್ಟರು 1000 ವ್ಯಾಟ್‌ನ ಹೀಟರನ್ನು ಹೊರಲಾರದು. ಅಮೆರಿಕದಲ್ಲಿರುವ ಮಕ್ಕಳು ಪ್ರೀತಿಯಿಂದ ತಂದುಕೊಡುವ ಯಂತ್ರಗಳಲ್ಲಿ ತೊಡಕು ಇಮ್ಮಡಿಯಾಗುತ್ತದೆ: ಅವು 120 ವೋಲ್ಟಿನವಾದ್ದರಿಂದ ಭಾರವಾದ ಟ್ರಾನ್ಸ್‌ಫಾರ್ಮರ್ ಬೇಕು, ಅದನ್ನು ಒದಗಿಸಿದ ಮೇಲೂ ಅಲ್ಲಿನ 60 ಹರ್ಟ್ಸ್ ವಿದ್ಯುತ್ತಿನ ಆವರ್ತನವನ್ನು ಎಣಿಸಿ ನಡೆಯುವ ಗಡಿಯಾರವುಳ್ಳ ಮಾದರಿಗಳು ಇಲ್ಲಿನ 50 ಹರ್ಟ್ಸ್‌ನಲ್ಲಿ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತವೆ.

ಯಂತ್ರದ ನಿಜವಾದ ಯೋಗ್ಯತೆ ಇರುವುದು ಅದರ ಹೀಟರಿನಲ್ಲಿ. ತೊಟ್ಟಿಯ ನೀರು ಒಮ್ಮುಖ ಕವಾಟದ ಮೂಲಕ ತಳದ ಕಿರುಗೊಳವೆಗೆ ಇಳಿದು, ಅಲ್ಲಿ ಕಾದು, ಹುಟ್ಟಿದ ಹಬೆಯ ಗುಳ್ಳೆಗಳ ಒತ್ತಡದಿಂದಲೇ ಮೇಲೇರಿ ಪುಡಿಯ ಮೇಲೆ ಹನಿಯುತ್ತದೆ. ಬಹುಪಾಲು ಮಾದರಿಗಳಲ್ಲಿ ಬೇರೆ ಪಂಪ್ ಇರುವುದಿಲ್ಲ. ಪುಡಿಗೆ ತಾಗುವಾಗ ನೀರು ಸುಮಾರು 92ರಿಂದ 96 ಡಿಗ್ರಿ ಸೆಲ್ಸಿಯಸ್ ಇರಬೇಕು, ಇಡೀ ಕ್ರಿಯೆ 4ರಿಂದ 8 ನಿಮಿಷಗಳಲ್ಲಿ ಮುಗಿಯಬೇಕು ಎಂಬುದು ಕಾಫಿ ತಜ್ಞರು ಸಾಮಾನ್ಯವಾಗಿ ಒಪ್ಪಿರುವ ಅಳತೆ. 25 ಡಿಗ್ರಿಯ ಒಂದು ಲೀಟರ್ ನೀರನ್ನು 93 ಡಿಗ್ರಿಗೆ ಏರಿಸಲು ಸುಮಾರು 285 ಕಿಲೋಜೂಲ್ ಶಾಖ ಬೇಕಾಗುವುದರಿಂದ, ನಷ್ಟವನ್ನು ಲೆಕ್ಕಿಸದೆಯೂ 1000 ವ್ಯಾಟ್‌ನ ಯಂತ್ರಕ್ಕೆ ಐದು ನಿಮಿಷದಷ್ಟು, 600 ವ್ಯಾಟ್‌ನದಕ್ಕೆ ಎಂಟು ನಿಮಿಷದಷ್ಟು ಕಾಲ ಹಿಡಿಯುತ್ತದೆ. ಹಾಗಾಗಿ ಕಡಿಮೆ ವ್ಯಾಟ್‌ನ ದೊಡ್ಡ ಯಂತ್ರವು ಕೊಳ್ಳತಕ್ಕದ್ದಲ್ಲ. ಅದೇ ವ್ಯಾಟ್‌ನ ನಾಲ್ಕೈದು ಲೋಟಗಳ ಸಣ್ಣ ಯಂತ್ರಕ್ಕೆ ಈ ಆಕ್ಷೇಪ ಅನ್ವಯಿಸುವುದಿಲ್ಲ.

ಆದರೆ ಎಷ್ಟೇ ಒಳ್ಳೆಯ ಹೀಟರನ್ನೂ ಈ ಸೀಮೆಯಲ್ಲಿ ಕೆಡಿಸುವುದು ನೀರು. ಕೊಪ್ಪಳ ಜಿಲ್ಲೆಯ ಬಂಡೆನೆಲದ ಕೊಳವೆಬಾವಿಗಳಲ್ಲಿ ಅನೇಕವುಗಳ ನೀರು ಗಡಸು, ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವಂಥದು. ಕುಷ್ಟಗಿ, ಯಲಬುರ್ಗಾ ಭಾಗಗಳಲ್ಲಿ ಇದರೊಂದಿಗೆ ಫ್ಲೋರೈಡಿನ ತೊಂದರೆಯೂ ಸೇರಿಕೊಂಡಿದೆ. ಕುಡಿಯುವ ನೀರಿನ ಭಾರತೀಯ ಮಾನಕವು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಅನ್ನು ಅಪೇಕ್ಷಿತ ಮಿತಿಯಾಗಿಯೂ, ಬೇರೆ ನೀರು ದೊರೆಯದಿದ್ದಾಗ 600 ಮಿಲಿಗ್ರಾಂ ಅನ್ನು ಗರಿಷ್ಠ ಮಿತಿಯಾಗಿಯೂ ಹೇಳುತ್ತದೆ. ಗಡಸು ನೀರು ಕಾದಾಗ ಕೊಳವೆಯ ಒಳಗೋಡೆಗೆ ಬಿಳಿಯ ಸುಣ್ಣದ ಪದರ ಕಟ್ಟುತ್ತ ಹೋಗಿ, ಶಾಖ ನೀರಿಗೆ ದಾಟದೆ, ನೀರು ನಿಧಾನವಾಗಿ ಏರಿ, ಕಾಫಿ ದಿನದಿನಕ್ಕೆ ಸಪ್ಪೆಯಾಗುತ್ತದೆ. ಬಳಸುವವರು ಪುಡಿಯನ್ನು ದೂರುತ್ತಾರೆ, ದೋಷ ಕೊಳವೆಯಲ್ಲಿರುತ್ತದೆ. ಅಗಲಬಾಯಿಯ ಹಿತ್ತಾಳೆ ಫಿಲ್ಟರನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆಯಬಹುದು, ಈ ಕೊಳವೆಗೆ ಕೈ ಹೋಗುವುದಿಲ್ಲ. ಸಿಟ್ರಿಕ್ ಆಮ್ಲ ಕರಗಿಸಿದ ನೀರನ್ನು ಪುಡಿಯಿಲ್ಲದೆ ಹಾಯಿಸಿ, ಮತ್ತೆರಡು ಸಲ ಬರಿಯ ನೀರು ಹಾಯಿಸುವುದೊಂದೇ ದಾರಿ. ಗಡಸು ನೀರಿದ್ದಲ್ಲಿ ಇದು ತಿಂಗಳ ಕೆಲಸವೇ ಆಗುತ್ತದೆ. ಕಾಯಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲವೆಂಬುದನ್ನೂ ಇಲ್ಲಿ ಒತ್ತಿ ಹೇಳಬೇಕು. ಆದ್ದರಿಂದ ಊರಿನ ಶುದ್ಧ ನೀರಿನ ಘಟಕದಿಂದ ತಂದ ನೀರನ್ನೇ ಯಂತ್ರಕ್ಕೆ ತುಂಬುವುದು ಆರೋಗ್ಯಕ್ಕೂ ಯಂತ್ರದ ಬಾಳಿಕೆಗೂ ಹಿತ. ಲವಣಗಳನ್ನು ಪೂರ್ತಿ ಕಳೆದುಕೊಂಡ ನೀರಿನಲ್ಲಿ ಕಾಫಿಯ ರುಚಿ ತುಸು ಮಂಕಾಗುವುದು ನಿಜವಾದರೂ ಆ ನಷ್ಟ ಸಹಿಸತಕ್ಕದ್ದು.

ಪುಡಿಯ ವಿಷಯದಲ್ಲಿಯೂ ಯಂತ್ರದ ಕೈಪಿಡಿ ದಾರಿ ತಪ್ಪಿಸುತ್ತದೆ. ಕೈಪಿಡಿಗಳು ಸೂಚಿಸುವ ಪ್ರಮಾಣ ಒಂದು ಲೀಟರ್ ನೀರಿಗೆ 55 ಗ್ರಾಂ ಪುಡಿಯ ಆಸುಪಾಸಿನದು. ಎರಡು ಮೂರು ಪಾಲು ಹಾಲು ಹಿಡಿಯಬೇಕಾದ ಡಿಕಾಕ್ಷನ್ನಿಗೆ ಇದರ ಮೂರು ಪಟ್ಟಾದರೂ ಬೇಕು. ಬುಟ್ಟಿಯ ತುಂಬ ಪುಡಿ ಹಾಕಿ ತೊಟ್ಟಿಗೆ ಕಾಲುಭಾಗದಷ್ಟೇ ನೀರು ಬಿಟ್ಟರೆ ಒಂದು ಮಟ್ಟಿನ ಗಟ್ಟಿತನ ಸಾಧ್ಯ. ಚಿಕೋರಿ ಬೆರೆತ ಪುಡಿಯಾದರೆ ಮತ್ತೊಂದು ಅಡ್ಡಿ: ನೀರು ತಾಗಿದೊಡನೆ ಉಬ್ಬುವ ಚಿಕೋರಿಯು ಕಾಗದದ ಸೋಸುಕವನ್ನು ಮುಚ್ಚಿ, ಕಾಫಿ ಬುಟ್ಟಿಯ ಅಂಚಿನಿಂದ ಹೊರಚೆಲ್ಲುತ್ತದೆ. ಅಂಥ ಪುಡಿಗೆ ಲೋಹದ ಜಾಲರಿಯೇ ಸರಿ. ಎಣ್ಣೆಯಂಶವನ್ನು ಚೆನ್ನಾಗಿ ಹಿಡಿದಿಡುವುದು ಕಾಗದವೇ ಆದ್ದರಿಂದ, ಕೊಲೆಸ್ಟ್ರಾಲಿನ ಚಿಂತೆಯುಳ್ಳವರು ಚಿಕೋರಿಯನ್ನು ಬಿಟ್ಟು ಕಾಗದವನ್ನು ಉಳಿಸಿಕೊಳ್ಳುವುದು ಮೇಲು.

ಗಡಿಯಾರದ ಯಂತ್ರ ತನ್ನ ಬೆಲೆಯನ್ನು ದುಡಿದುಕೊಳ್ಳುವ ಜಾಗವೂ ಆನೆಗೊಂದಿಯಲ್ಲಿಯೇ ಇದೆ. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ವಿರೂಪಾಪುರಗಡ್ಡೆಯ ರೆಸಾರ್ಟುಗಳು ತೆರವಾದ ಮೇಲೆಯೂ ನದಿಯ ಈ ದಂಡೆಗೆ ಪ್ರವಾಸಿಗರು ಬರುತ್ತಲೇ ಇದ್ದಾರೆ. ಆನೆಗೊಂದಿ, ಸಣಾಪುರದ ಹೋಂಸ್ಟೇಗಳಲ್ಲಿ ತಂಗಿ, ಸೂರ್ಯೋದಯಕ್ಕೆ ಅಂಜನಾದ್ರಿ ಹತ್ತಲು ನಸುಕಿನಲ್ಲೇ ಹೊರಡುತ್ತಾರೆ. ಅವರಲ್ಲಿ ಕಪ್ಪು ಕಾಫಿ ಕೇಳುವವರಿಗೆ ಹಾಲು ಬೇಡ, ಗಟ್ಟಿತನವೂ ಬೇಡ; ಮನೆಯ ಹೆಣ್ಣುಮಗಳು ನಾಲ್ಕಕ್ಕೇ ಏಳುವುದನ್ನು ಯಂತ್ರ ತಪ್ಪಿಸುವುದಾದರೆ ಅದು ಸಣ್ಣ ಉಪಕಾರವಲ್ಲ. ಇಂಥ ಮನೆಗೆ ತಕ್ಕದ್ದು 230 ವೋಲ್ಟಿನ, 900 ವ್ಯಾಟಿಗೆ ಕಡಿಮೆಯಿಲ್ಲದ, ಗಡಿಯಾರಕ್ಕೆ ಬ್ಯಾಟರಿಯ ಆಸರೆಯಿರುವ ಯಂತ್ರ. ಗಾಜಿನ ಹೂಜಿಯನ್ನು ಬಿಸಿತಟ್ಟೆಯ ಮೇಲೆ ಕೂರಿಸುವ ಮಾದರಿಯಲ್ಲಿ ಅರ್ಧ ಗಂಟೆಯೊಳಗೆ ಕಾಫಿ ಕಹಿಯಾಗುವುದರಿಂದ, ಎರಡು ಗೋಡೆಯ ಸ್ಟೀಲ್ ಫ್ಲಾಸ್ಕಿಗೆ ನೇರವಾಗಿ ಇಳಿಸುವ ಮಾದರಿಯನ್ನೇ ಆರಿಸಬೇಕು. ಪೆಟ್ಟಿಗೆಯ ಮೇಲೆ ಅಚ್ಚಾದ 12 ಕಪ್ ಎಂಬ ಸಂಖ್ಯೆಯಲ್ಲಿ ಒಂದು ಕಪ್ ಎಂದರೆ ಸಾಮಾನ್ಯವಾಗಿ 125ರಿಂದ 150 ಮಿಲಿಲೀಟರ್ ಮಾತ್ರ. ದೊಡ್ಡ ಮಗ್ಗಿನಲ್ಲಿ ಕುಡಿಯುವ ಅತಿಥಿಗಳ ಲೆಕ್ಕದಲ್ಲಿ ಅದು ಆರೇಳು ಜನರಿಗೆ ಸಾಲುತ್ತದೆ.