ಮೆಂತ್ಯದ ಗುಳಿಗೆ, ಕಿಡ್ನಿಯ ಭಯ

ನೂರು ವರ್ಷದ ಹಿಂದಿನ ಇಂಗ್ಲೆಂಡ್, ಅಮೆರಿಕದ ಪತ್ರಿಕೆಗಳನ್ನು ತಿರುವಿದರೆ ಸೊಂಟ ಹಿಡಿದು ಮುಖ ಕಿವುಚಿದ ಗಂಡಸರೋ ಹೆಂಗಸರೋ ಮತ್ತೆ ಮತ್ತೆ ಎದುರಾಗುತ್ತಾರೆ. 'ಡೋನ್ಸ್ ಬ್ಯಾಕೇಕ್ ಕಿಡ್ನಿ ಪಿಲ್ಸ್' ಜಾಹೀರಾತಿನ ಚಿತ್ರ ಅದು. ಬೆನ್ನು ನೋಯುತ್ತಿದೆಯೇ, ಹಾಗಾದರೆ ಕಿಡ್ನಿ ಕೆಟ್ಟಿದೆ: ಇಡೀ ವ್ಯಾಪಾರ ನಿಂತದ್ದು ಈ ಒಂದು ಮಾತಿನ ಮೇಲೆ.

ಗುಳಿಗೆಯಲ್ಲಿ ಏನಿತ್ತು? 1909ರಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ 'ಸೀಕ್ರೆಟ್ ರೆಮಿಡೀಸ್' ಎಂಬ ಪುಸ್ತಕ ತಂದಿತು. ಇಂಥ ಗುಟ್ಟಿನ ಔಷಧಿಗಳನ್ನೆಲ್ಲ ಪರೀಕ್ಷೆಗೆ ಹಾಕಿ, ಒಳಗಿದ್ದದ್ದನ್ನು ಬೆಲೆ ಸಮೇತ ಅಚ್ಚು ಹಾಕಿದ ಪುಸ್ತಕ. ಡೋನ್ಸ್ ಗುಳಿಗೆಯಲ್ಲಿ ಸಿಕ್ಕಿದ್ದು ಜುನಿಪರ್ ಎಣ್ಣೆ, ಹೆಮ್ಲಾಕ್ ಮರದ ರಾಳ, ಚೂರು ಪೆಟ್ಲುಪ್ಪು, ಗೋಧಿ ಹಿಟ್ಟು, ಜೋಳದ ಪಿಷ್ಟ. ಎಲ್ಲಕ್ಕಿಂತ ಹೆಚ್ಚಾಗಿ ಮೆಂತ್ಯದ ಪುಡಿ. ನಮ್ಮ ಅಡುಗೆಮನೆಯ ಮೆಂತ್ಯವೇ! ಜುನಿಪರ್ ಎಣ್ಣೆ, ಪೆಟ್ಲುಪ್ಪು ಮೂತ್ರ ಹೆಚ್ಚಿಸುತ್ತವೆ ಎಂಬ ಹೆಸರು ಹಿಂದಿನಿಂದಲೂ ಇದೆ, ನಿಜ. ಆದರೆ 20 ಗುಳಿಗೆಗೆ ಒಂದು ಹನಿ ಎಣ್ಣೆ ಬಿದ್ದರೆ ಯಾವ ಮೂತ್ರಪಿಂಡಕ್ಕೆ ಏನು ತಿಳಿದೀತು? 40 ಗುಳಿಗೆಯ ಡಬ್ಬಿಗೆ ಎರಡು ಶಿಲಿಂಗ್ ಒಂಬತ್ತು ಪೆನ್ಸ್. ಒಳಗಿನ ಸಾಮಾನಿಗೆ ಒಂದು ಪೆನ್ನಿಯೂ ತಗಲುತ್ತಿರಲಿಲ್ಲ.

ಅಸೋಸಿಯೇಷನ್ನಿನವರು ಈ ಲೆಕ್ಕಕ್ಕೇ ಜೋತುಬಿದ್ದದ್ದು ನನಗೆ ಅಷ್ಟು ಸರಿಕಾಣುವುದಿಲ್ಲ. ಕಾಸಿನ ಸೊಪ್ಪೂ ಕೆಲಸ ಮಾಡಬಹುದು. ಗುಳಿಗೆ ಅಗ್ಗವಾಗಿತ್ತೆಂಬುದಕ್ಕಿಂತ, ಅದನ್ನು ಮಾರಲು ಒಂದು ಸುಳ್ಳು ರೋಗಪತ್ತೆಯನ್ನು ಮನೆಮನೆಗೆ ಹಂಚಿದರಲ್ಲ, ಅದು ದೊಡ್ಡ ತಪ್ಪು. ಆಯಾ ಊರಿನ ಪತ್ರಿಕೆಯಲ್ಲಿ ಆಯಾ ಊರಿನವರದೇ ಹೆಸರು, ಬೀದಿ ಸಮೇತ, 'ನನಗೆ ವಾಸಿಯಾಯಿತು' ಎಂಬ ಸಾಕ್ಷಿ ಬರುತ್ತಿತ್ತು. ಪಕ್ಕದ ಬೀದಿಯವರ ಮಾತನ್ನು ನಂಬದಿರುವುದು ಹೇಗೆ? ಅಮೆರಿಕದ ಬಿಂಗ್‌ಹ್ಯಾಮ್ಟನ್ನಿನ ಡಾ. ಕಿಲ್ಮರ್ ಕಂಪನಿ ಇನ್ನೂ ಚಾಲಾಕಿ. ಮೂತ್ರವನ್ನು ಗಾಜಿನ ಲೋಟದಲ್ಲಿ 24 ಗಂಟೆ ಇಡಿ, ತಳದಲ್ಲಿ ಗಷ್ಟು ಕಂಡರೆ ಕಿಡ್ನಿಗೆ ತೊಂದರೆ, ನಮ್ಮ 'ಸ್ವಾಂಪ್ ರೂಟ್' ಕುಡಿಯಿರಿ ಎಂದಿತು. ಆರೋಗ್ಯವಂತರ ಮೂತ್ರವನ್ನು ಇಟ್ಟರೂ ಗಷ್ಟು ಕಟ್ಟಬಹುದು. ಡಿವಿಟ್ಸ್ ಎಂಬ ಇನ್ನೊಂದು ಕಿಡ್ನಿ ಗುಳಿಗೆಗೆ ಮೆಥಿಲೀನ್ ಬ್ಲೂ ಎಂಬ ಬಣ್ಣ ಬೆರೆಸಿದ್ದರು. ನುಂಗಿದವನ ಮೂತ್ರ ನೀಲಿ-ಹಸಿರಾಗುತ್ತಿತ್ತು. ಬಣ್ಣ ಬಂತೆಂದರೆ ಔಷಧಿ ಒಳಗೆ ಕೆಲಸ ಮಾಡುತ್ತಿದೆ ಎಂದು ರೋಗಿಗೆ ತಾನಾಗಿ ನಂಬಿಕೆ. ಕುಶಲತೆಗೆ ಇದಕ್ಕೇ ಮೊದಲ ಬಹುಮಾನ ಕೊಡಬೇಕು.

ಡೋನ್ಸ್ ಹೆಸರು ಅಮೆರಿಕದಲ್ಲಿ ಬೇರೆ ಸರಕು ತುಂಬಿಕೊಂಡು ಬೆನ್ನುನೋವಿನ ಮಾತ್ರೆಯಾಗಿ ಉಳಿಯಿತು. ಬೆನ್ನುನೋವಿಗೆ ಇದು ಇತರ ನೋವಿನ ಮಾತ್ರೆಗಳಿಗಿಂತ ಮೇಲು ಎಂಬುದಕ್ಕೆ ಪುರಾವೆಯಿಲ್ಲ ಎಂದು ಜಾಹೀರಾತಿನಲ್ಲೇ ತಿದ್ದಿ ಹೇಳುವಂತೆ 1999ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆದೇಶಿಸಿತು. ನಮ್ಮಲ್ಲೂ ಕಿಡ್ನಿ ಕಲ್ಲು ಕರಗಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯಿದೆ ನಿಷೇಧಿಸಿದೆ. ಗೋಡೆಗಳ ಮೇಲಿನ ಚೀಟಿಗಳು ಅದನ್ನು ಓದಿದಂತಿಲ್ಲ.

ಆ ಗುಳಿಗೆಗಳು ಹೋದರೂ ಅವು ಊರೂರಿಗೆ ಹಂಚಿದ ಸಮೀಕರಣ ಹೋಗಿಲ್ಲ. ಬೆನ್ನುನೋವಿಗೆ ಹೆಚ್ಚಿನ ಸಲ ಸ್ನಾಯು, ಮೂಳೆ ಕಾರಣ. ಕಲ್ಲು ಜಾರಿದಾಗ ಪಕ್ಕೆಯಿಂದ ತೊಡೆಸಂದಿಗೆ ಅಲೆಅಲೆಯಾಗಿ ಇಳಿಯುವ ನೋವು ಬೇರೆಯದು. ನಿಧಾನವಾಗಿ ಸೋಲುವ ಮೂತ್ರಪಿಂಡವಂತೂ ಬಹುಕಾಲ ನೋಯುವುದೇ ಇಲ್ಲ. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರು ಸೊಂಟ ನೋಯಲಿ ಬಿಡಲಿ, ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿಕೊಳ್ಳಿ.