ಐಡಿ ಕಾರ್ಡಿನ ಜೊತೆ ಕಳಚಿಡುವ ಕಥೆಗಳು

ಕನ್ನಡದಲ್ಲಿ ಕಥೆ ಬರೆದು ಮನೆ ಬಾಡಿಗೆ ಕಟ್ಟಲಾಗದು ಎಂಬುದು ಹೊಸ ಸುದ್ದಿಯೇನಲ್ಲ. ಮೊದಲ ಮುದ್ರಣ ಸಾಮಾನ್ಯವಾಗಿ ಸಾವಿರ ಪ್ರತಿ. ಇನ್ನೂರು ರೂಪಾಯಿಯ ಪುಸ್ತಕಕ್ಕೆ ನೂರಕ್ಕೆ ಹತ್ತರಂತೆ ಗೌರವಧನ ಹಿಡಿದರೂ, ಅಷ್ಟೂ ಪ್ರತಿ ಖರ್ಚಾದ ಮೇಲೆ ಕೈಗೆ ಬರುವುದು 20,000 ರೂಪಾಯಿ. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಅದು ಒಂದು ತಿಂಗಳ ಬಾಡಿಗೆಗೂ ಸಾಲದೆ ಹೋದೀತು. ಬರವಣಿಗೆಯನ್ನೇ ನೆಚ್ಚಿ ಬದುಕಿದ ಅನಕೃ ನೂರಕ್ಕೂ ಮೀರಿ ಕಾದಂಬರಿ ಬರೆದರು. ಆ ವೇಗ ಎಲ್ಲರಿಗೂ ಒಲಿಯುವಂಥದ್ದಲ್ಲ, ಒಲಿಯಬೇಕಾಗಿಯೂ ಇಲ್ಲ. ಮಾಸ್ತಿ ಮೈಸೂರು ಸರ್ಕಾರದ ಅಧಿಕಾರಿ, ಬೀಚಿ ಪೊಲೀಸ್ ಇಲಾಖೆಯ ನೌಕರ, ಭೈರಪ್ಪ ಮೇಷ್ಟ್ರು. ಹಾಗಾಗಿ ಎಲೆಕ್ಟ್ರಾನಿಕ್ ಸಿಟಿಯ ಅಥವಾ ಪೀಣ್ಯದ ಕಥೆಗಾರರಿಗೆ ನೌಕರಿ ಇರುವುದು ತೊಡಕಲ್ಲ. ಆ ನೌಕರಿಯನ್ನು ಅವರು ಕಥೆಯಿಂದ ಹೊರಗಿಡುವುದು ತೊಡಕು. ಹಗಲಿನ ಹತ್ತು ಗಂಟೆಯನ್ನು ಐಡಿ ಕಾರ್ಡಿನ ಜೊತೆಗೇ ಕಳಚಿಟ್ಟು, ರಾತ್ರಿ ಕೂತು ಬರೆಯುವುದು ಬಿಟ್ಟುಬಂದ ಊರಿನ ತೇರು, ಅಜ್ಜಿ, ಕೆರೆ ಏರಿ. ಎಚ್ಚರವಿದ್ದ ಹೊತ್ತಿನ ಅರ್ಧಕ್ಕೂ ಹೆಚ್ಚು ಪಾಲು ಲೆಕ್ಕಕ್ಕೇ ಬರುವುದಿಲ್ಲ.

ಇದಕ್ಕೆ ಸಿಗುವ ಮೊದಲ ಉತ್ತರ, ಬರೆಯಲು ಸಮಯವೆಲ್ಲಿದೆ ಎಂಬುದು. ಅದು ಸುಳ್ಳಲ್ಲ. ಹೊರವರ್ತುಲ ರಸ್ತೆಯ ಟ್ರಾಫಿಕ್ಕು ದಿನಕ್ಕೆ ಎಷ್ಟು ತಿನ್ನುತ್ತದೆ ಎಂದು ಯಾರಿಗೂ ಹೇಳಬೇಕಿಲ್ಲ. ಪೀಣ್ಯದ ರಾತ್ರಿ ಪಾಳಿ ಮುಗಿಸಿದವರ ಕಣ್ಣಿಗೆ ಬೇಕಾಗುವುದು ನಿದ್ದೆ, ವಾಕ್ಯವಲ್ಲ. ಆಫೀಸು ಮುಗಿಸಿ ಮನೆಯ ಇನ್ನೊಂದು ಪಾಳಿಗೆ ಹಾಜರಾಗುವ ಹೆಂಗಸರ ಪಾಡು ಇವರಿಬ್ಬರಿಗಿಂತ ಕಡೆ. 2023ರಲ್ಲಿ ವೈಟ್‌ಫೀಲ್ಡಿಗೆ, 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಮೆಟ್ರೊ ಬಂದಿದೆ, ಫೋನಿನಲ್ಲೇ ಕನ್ನಡ ಟೈಪಿಸಬಹುದು, ನಿಜ. ಸೀಟು ಸಿಕ್ಕರೆ ಒಂದು ಪ್ಯಾರಾ ಆದೀತು, ಕಾದಂಬರಿ ಆಗದು. ಆದರೆ ಸಮಯದ ಅಭಾವ ವಿವರಿಸುವುದು ಎಷ್ಟು ಬರೆಯಲಾಗುತ್ತದೆ ಎಂಬುದನ್ನು ಮಾತ್ರ. ಯಾವುದರ ಬಗ್ಗೆ ಬರೆಯುತ್ತಾರೆ ಎಂಬುದನ್ನು ಅದು ವಿವರಿಸುವುದಿಲ್ಲ. ವರ್ಷಕ್ಕೆ ಎರಡೇ ಕಥೆ ಬರೆಯುವವರೂ ಆ ಎರಡರಲ್ಲೊಂದನ್ನು ತಮ್ಮ ಶಾಪ್‌ಫ್ಲೋರಿನ ಮೇಲೆ ಬರೆಯಬಹುದಲ್ಲ?

ಎರಡನೆಯ ಉತ್ತರ ಇನ್ನೂ ಸ್ವಾರಸ್ಯದ್ದು: ಅಲ್ಲಿ ಕಥೆಯಾಗುವಂಥದ್ದು ಏನೂ ನಡೆಯುವುದೇ ಇಲ್ಲವಂತೆ. ಪೀಣ್ಯದ ಒಂದು ಸಣ್ಣ ಲೇತ್ ಶೆಡ್ಡನ್ನೇ ನೋಡಿ. ಕೂಲೆಂಟಿನಲ್ಲಿ ನೆನೆದು ಬಿಳಿಚಿದ ಬೆರಳಲ್ಲಿ ಹುಡುಗನೊಬ್ಬ ಮೈಕ್ರೋಮೀಟರ್ ಹಿಡಿದು ಜಾಬ್ ಅಳೆಯುತ್ತಾನೆ. ಶಾಫ್ಟಿನ ಅಳತೆ ಇಪ್ಪತ್ತು ಮೈಕ್ರಾನ್ ಹೆಚ್ಚಿದ್ದರೆ ರೀವರ್ಕ್, ಇನ್ನೊಮ್ಮೆ ತಿರುಗಿಸಿ ಸರಿಮಾಡಬಹುದು. ಕಡಿಮೆಯಾಗಿದ್ದರೆ ಸ್ಕ್ರ್ಯಾಪ್, ಹೋದ ಲೋಹವನ್ನು ಮತ್ತೆ ಅಂಟಿಸಲಾಗದು. ಆ ತುಂಡನ್ನು ತನ್ನ ಪಾಳಿಯ ರಿಜೆಕ್ಷನ್ ಶೀಟಿನಲ್ಲಿ ಬರೆಯುವುದೋ, ಮುಂದಿನ ಪಾಳಿಯವನ ಟ್ರೇಗೆ ಮೆಲ್ಲಗೆ ಸೇರಿಸುವುದೋ? ಮುಂದಿನ ಪಾಳಿಯವನು ಅವನ ರೂಮ್‌ಮೇಟ್ ಆಗಿದ್ದರೆ? ಎಲೆಕ್ಟ್ರಾನಿಕ್ ಸಿಟಿಗೆ ಬಂದರೆ ಅಲ್ಲಿ ಬೆಂಚಿನ ಮೇಲಿರುವವಳು ಸಿಗುತ್ತಾಳೆ. ಪ್ರಾಜೆಕ್ಟ್ ಮುಗಿದಿದೆ, ಹೊಸದು ಬಂದಿಲ್ಲ. ದಿನವೂ ಕಾರ್ಡ್ ಸ್ವೈಪ್ ಮಾಡುತ್ತಾಳೆ, ಆನ್‌ಲೈನ್ ಕೋರ್ಸ್ ತೆರೆದಿಟ್ಟುಕೊಂಡು ಕೂರುತ್ತಾಳೆ, ಸಂಬಳ ಬರುತ್ತದೆ. ಕ್ಯಾಂಟೀನಿನಲ್ಲಿ ಜೊತೆಗೆ ಕೂರುವವರು ಒಬ್ಬೊಬ್ಬರೇ ಕಡಿಮೆಯಾಗುತ್ತಾರೆ; ದಾವಣಗೆರೆಯಲ್ಲಿರುವ ಅಪ್ಪ ಮಗಳಿಗೆ ಈಗ ಬಿಡುವಾಗಿದೆಯೆಂದು ಗಂಡು ನೋಡುತ್ತಾನೆ. ಏನೂ ನಡೆಯುವುದಿಲ್ಲವೆಂದರೆ ಇದೇ ಇರಬೇಕು.

ಇದನ್ನು ಕನ್ನಡದಲ್ಲಿ ಮಾಡಲಾಗದು ಎನ್ನುವವರಿಗೆ ಯಶವಂತ ಚಿತ್ತಾಲರ ‘ಶಿಕಾರಿ’ ಇದೆ. ಹನೇಹಳ್ಳಿಯಿಂದ ಮುಂಬೈಗೆ ಹೋದ ಚಿತ್ತಾಲರು ಪಾಲಿಮರ್ ತಂತ್ರಜ್ಞ, ಕಂಪನಿ ಅಧಿಕಾರಿ. ಹುಟ್ಟೂರನ್ನು ಅವರಷ್ಟು ಬರೆದವರು ಕಡಿಮೆ. ಆದರೆ ಕಂಪನಿಯನ್ನು ಅವರು ಊರಿನಾಚೆ ತಳ್ಳಲಿಲ್ಲ. ಆರೋಪವೇನೆಂದು ನೆಟ್ಟಗೆ ಹೇಳದೆಯೇ ಅಮಾನತು ಮಾಡಿದರೆ ಮನುಷ್ಯ ಒಳಗೊಳಗೇ ಏನಾಗುತ್ತಾನೆ ಎಂಬುದನ್ನು ಕಥಾನಾಯಕ ನಾಗಪ್ಪನ ಮೂಲಕ ಅಗೆದರು. ಅದು ಪ್ರಕಟವಾದದ್ದು 1979ರಲ್ಲಿ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ನೆಲ ಹದಮಾಡಿದ್ದು ಅದರ ಹಿಂದಿನ ವರ್ಷ. ಅದೇ 1978ರಲ್ಲಿ ಇಟಲಿಯ ಪ್ರಿಮೊ ಲೆವಿ, ಟ್ಯೂರಿನ್ ಬಳಿ ಬಣ್ಣದ ಕಾರ್ಖಾನೆಯಲ್ಲಿ ಬಹುಕಾಲ ದುಡಿದ ರಸಾಯನ ತಜ್ಞ, ಕ್ರೇನು-ಸೇತುವೆ ಜೋಡಿಸುವ ಫಿಟ್ಟರನೊಬ್ಬನ ಕೆಲಸದ ಮಾತುಗಳನ್ನೇ ಪುಸ್ತಕ ಮಾಡಿದ. ಮರುವರ್ಷ ಅದಕ್ಕೆ ಸ್ಟ್ರೇಗಾ ಪ್ರಶಸ್ತಿ ಬಂತು. ಅಂದಿನಿಂದ ಇಂದಿಗೆ ಹೆಚ್ಚುಕಡಿಮೆ ಅರ್ಧ ಶತಮಾನ. ನಮ್ಮಲ್ಲಿ ಎಂ.ಆರ್. ದತ್ತಾತ್ರಿಯವರ ‘ದ್ವೀಪವ ಬಯಸಿ’ಯಂಥ ಸಾಫ್ಟ್‌ವೇರ್ ವಲಸೆಯ ಕಾದಂಬರಿಗಳು ಬಂದಿವೆ. ಆದರೂ ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ದುಡಿಯುವವರ ಸಂಖ್ಯೆಗೂ ಅವರ ದುಡಿಮೆಯ ಕಥೆಗಳ ಸಂಖ್ಯೆಗೂ ತಾಳೆಯೇ ಇಲ್ಲ.

ಭಾಷೆಯ ಆಕ್ಷೇಪ ಉಂಟು. ಮೀಟಿಂಗು ಇಂಗ್ಲಿಷಿನಲ್ಲಿ, ಟೀ ಹೊತ್ತಿಗೆ ಹಿಂದಿ, ಪೀಣ್ಯದ ಶೆಡ್ಡಿನಲ್ಲಿ ಒಡಿಯಾ, ಭೋಜ್‌ಪುರಿ, ರಾಯಚೂರಿನ ಕನ್ನಡ. ಇಂಥ ಸಂಭಾಷಣೆಯನ್ನು ಬರೆಯುವುದು ಹೇಗೆ? ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳಲ್ಲಿ ಆ ಮಹಾನಗರದ ಎಷ್ಟೋ ಜನ ನಿಜದಲ್ಲಿ ಕನ್ನಡ ಬಲ್ಲವರೇ ಅಲ್ಲ. ಪುಟದ ಮೇಲೆ ಅವರು ಕನ್ನಡ ಆಡಿದಾಗ ಯಾವ ಓದುಗನೂ ತಕರಾರು ತೆಗೆಯಲಿಲ್ಲ. ಕಂಪನಿಯ ಗುಟ್ಟು ಹೊರಬಿಡಬಾರದೆಂಬ ಕರಾರಿದೆ ಎನ್ನುವವರೂ ಇದ್ದಾರೆ. ಕರಾರು ಕಾಯುವುದು ಕೋಡನ್ನು, ಕ್ಲಯಂಟಿನ ಹೆಸರನ್ನು. ಅಪ್ರೈಸಲ್ ಹೊತ್ತಿನಲ್ಲಿ ಮ್ಯಾನೇಜರು ಕಣ್ಣು ತಪ್ಪಿಸಿದ್ದನ್ನಲ್ಲ.

ಹಾಗಾದರೆ ವಸುಧೇಂದ್ರ? ಸಾಫ್ಟ್‌ವೇರ್ ಉದ್ಯೋಗದಲ್ಲಿ ವರ್ಷಗಟ್ಟಲೆ ಕಳೆದವರು 2019ರಲ್ಲಿ ‘ತೇಜೋ-ತುಂಗಭದ್ರಾ’ ಬರೆದು ಲಿಸ್ಬನ್ನಿಗೂ ವಿಜಯನಗರಕ್ಕೂ ಹೋದರಲ್ಲ ಎಂದು ಕೇಳಿದರೆ, ಈ ವಾದಕ್ಕೆ ಬಂದ ಗಟ್ಟಿ ಪೆಟ್ಟು ಅದೇ. ಲೇಖಕ ಎಲ್ಲಿಗೆ ಬೇಕಾದರೂ ಹೋಗಲಿ. ಸಂಬಳ ಕೊಡುವ ದೊಡ್ಡ ಲಾಭವೇ ಈ ಸ್ವಾತಂತ್ರ್ಯ, ಮಾರುಕಟ್ಟೆಗೆ ತಲೆಬಾಗದೆ ಹತ್ತು ಸಲ ತಿದ್ದುವ ಬಿಡುಬೀಸು. (ಸಮುದ್ರ ದಾಟಿ ಬರುವ ವ್ಯಾಪಾರದ ಲೆಕ್ಕಾಚಾರ ಆ ಕಾದಂಬರಿಯಲ್ಲಿ ಸಲೀಸಾಗಿ ಓಡಾಡುವುದನ್ನು ಕಂಡಾಗ ಉದ್ಯೋಗದ ಅನುಭವ ಪೂರ್ತಿ ವ್ಯರ್ಥವಾಗಿಲ್ಲ ಎಂಬ ಗುಮಾನಿಯೂ ಬರುತ್ತದೆ.) ಆದರೆ ನೌಕರಿಯ ಕಥೆಯನ್ನು ಬೇಡವೆಂದು ಬಿಡುವುದು ಬೇರೆ, ಇಲ್ಲಿ ಏನೂ ಇಲ್ಲವೆಂದು ನಂಬಿ ಬಿಡುವುದು ಬೇರೆ. ಇನ್ನು ಮನ್ನಣೆಯ ಮಾತು. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆ, ಮೊದಲ ಸಂಕಲನದ ಹಸ್ತಪ್ರತಿಗೇ ಕೊಡುವ ಛಂದ ಪುಸ್ತಕ ಬಹುಮಾನ ಇವೆಲ್ಲ ಒಳ್ಳೆಯವೇ. ಆದರೆ ಪಕ್ಕದ ಕ್ಯೂಬಿಕಲ್ಲಿನವರು ಓದಿ, ಇದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳುವ ಸುಖ ಊರಿನ ತೇರಿನ ಕಥೆಗೆ ಸಿಗುವುದು ಅಪರೂಪ.

ನೌಕರಿಯ ಕಥೆಗಳು ಬೇಗ ಹಳಸುತ್ತವೆ, ಇಂದಿನ ಸಾಫ್ಟ್‌ವೇರು ನಾಳೆಗಿಲ್ಲ ಎಂಬ ಮಾತು ಉಳಿಯಿತು. ‘ಶಿಕಾರಿ’ಯ ಕಾಲದ ಕಚೇರಿಯಲ್ಲಿ ಕಂಪ್ಯೂಟರು ಮೇಜಿಗೆ ಬಂದಿರಲಿಲ್ಲ, ಇಮೇಲ್ ಇರಲಿಲ್ಲ. ಕಾದಂಬರಿಯನ್ನು ಜನ ಈಗಲೂ ಕೊಂಡು ಓದುತ್ತಾರೆ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದಾಗ ಲಾಗಿನ್ ಆಗದೆ, ಎಚ್‌ಆರ್‌ನಿಂದ ಕರೆ ಬರುವ ತನಕ ಕಾರಣ ತಿಳಿಯದೆ ಕಾಯುವ ಇಂದಿನ ಉದ್ಯೋಗಿಗೆ ನಾಗಪ್ಪನ ಸಂಕಟ ಅರ್ಥವಾಗಲು ಅಡಿಟಿಪ್ಪಣಿ ಬೇಕಿಲ್ಲ. ಅವರದೇ ಕಥೆ ಬೇಕೆಂದರೆ ಮಾತ್ರ ಕಪಾಟಿನಲ್ಲಿ ಹುಡುಕಾಡಬೇಕಾಗಿದೆ.