ಪಹಣಿಯ ಹತ್ತನೆಯ ಕಾಲಂ

ಹಸ್ತಪ್ರತಿಗಳ ಪಾಠವನ್ನು ಪರಿಶೋಧಿಸುವವರಿಗೆ ಲಿಪಿಕಾರನ ಎರಡು ತಪ್ಪುಗಳು ಚಿರಪರಿಚಿತವಾದುವು. ಬರೆದುದನ್ನೇ ಮತ್ತೆ ಬರೆಯುವುದು ಒಂದು. ಬರೆಯಬೇಕಾದುದನ್ನು ಬರೆದಾಯಿತೆಂದು ಭ್ರಮಿಸಿ ಬಿಟ್ಟುಬಿಡುವುದು ಮತ್ತೊಂದು. ಇವೆರಡಕ್ಕೂ ಮೂಲ ಒಂದೇ. ಮಾತೃಕೆಯಿಂದ ಕಣ್ಣು ತೆಗೆದು ತನ್ನ ಗರಿಯ ಕಡೆಗೆ ತಿರುಗಿ, ಮತ್ತೆ ಮಾತೃಕೆಗೆ ಮರಳುವ ಲಿಪಿಕಾರನಿಗೆ ತಾನು ಎಲ್ಲಿ ನಿಂತಿದ್ದನೆಂಬುದರ ಗುರುತು ತಪ್ಪಿಹೋಗಿರುತ್ತದೆ. ಕಾವ್ಯದಲ್ಲಿ ಇಂತಹ ತಪ್ಪಿನಿಂದ ಛಂದಸ್ಸು ಕೆಡುವುದರಿಂದ ಸಂಪಾದಕನು ಅದನ್ನು ಬೇಗನೆ ಹಿಡಿಯುತ್ತಾನೆ. ಲೆಕ್ಕಪತ್ರಗಳ ಗದ್ಯದಲ್ಲಿ ಹಾಗೆ ಹಿಡಿದುಕೊಡುವ ಛಂದಸ್ಸು ಯಾವುದೂ ಇಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರೈತನು ಬ್ಯಾಂಕಿಗೂ ಕೋರ್ಟಿಗೂ ಹಿಡಿದುಕೊಂಡು ಹೋಗುವ ಪಹಣಿಯು ಇಂತಹ ಗದ್ಯವೇ ಆಗಿದೆ. ಅದೂ ಒಂದು ಪ್ರತಿ. ಬೇರೆ ಬೇರೆ ಕಡೆಗಳಿಂದ ಬಂದ ಓಲೆಗಳನ್ನು ನೋಡಿ ಬರೆದದ್ದು. ಲಿಪಿಕಾರನ ಸ್ಥಾನದಲ್ಲಿ ಈಗ ಗಣಕಯಂತ್ರವು ಕುಳಿತಿದೆಯೆಂದ ಮಾತ್ರಕ್ಕೆ ಪಾಠವಿಮರ್ಶೆಯ ಅವಶ್ಯಕತೆ ತಪ್ಪಿತೆಂದು ಭಾವಿಸಲಾಗದು.

ಇದೇ ಸೀಮೆಯ ಶಾಸನಗಳ ಉದಾಹರಣೆಯಿಂದ ವಿಷಯವು ವಿಶದವಾದೀತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕಾಳಿ ಎಂಬ ಬೇಟೆನಾಯಿಯ ಮರಣವನ್ನೂ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದನ್ನೂ ಹೇಳುವ ಕ್ರಿ.ಶ. 949-50ರ ಕಲ್ಲು ವಿದ್ವಾಂಸರೆಲ್ಲರಿಗೂ ತಿಳಿದದ್ದು. ಇದನ್ನು ಫ್ಲೀಟರು ಎಪಿಗ್ರಾಫಿಯ ಇಂಡಿಕದಲ್ಲಿ ಪ್ರಕಟಿಸಿದರು. ರೈಸರ ಎಪಿಗ್ರಾಫಿಯ ಕರ್ಣಾಟಿಕದ ಮೂರನೆಯ ಸಂಪುಟದಲ್ಲಿ (1894) ಇದು ಮಂಡ್ಯ ತಾಲ್ಲೂಕಿನ 41ನೆಯ ಶಾಸನವಾಗಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಹೊರತಂದ ಪರಿಷ್ಕೃತ ಆವೃತ್ತಿಯ ಏಳನೆಯ ಸಂಪುಟದಲ್ಲಿ (1979) ಇದು ಮದ್ದೂರು ತಾಲ್ಲೂಕಿನ ಕೆಳಗೆ ಬೇರೊಂದು ಸಂಖ್ಯೆಯನ್ನು ಪಡೆದಿದೆ. ಕಲ್ಲು ಒಂದು, ಹೆಸರು ಮೂರು. ಹತ್ತನೆಯ ಶತಮಾನದ ವೀರಗಲ್ಲುಗಳನ್ನು ಎಣಿಸಹೊರಟ ವಿದ್ಯಾರ್ಥಿಯು ಮೂರು ಗ್ರಂಥಗಳಿಂದಲೂ ಟಿಪ್ಪಣಿ ಮಾಡಿಕೊಂಡು ತಾಳೆನೋಡದೆ ಕೂಡಿಸಿದನಾದರೆ, ಆತಕೂರಿನಲ್ಲಿ ಮೂರು ನಾಯಿಗಳು ಮೂರು ಹಂದಿಗಳೊಡನೆ ಹೋರಾಡಿ ಸತ್ತಂತಾಗುವುದು! ಪರಿಷ್ಕೃತ ಆವೃತ್ತಿಯ ಸಂಪಾದಕರು ಹೊಸ ಸಂಖ್ಯೆಯ ಜೊತೆಯಲ್ಲಿಯೇ ಹಳೆಯ ಸಂಖ್ಯೆಯನ್ನೂ ಕಾಣಿಸಿರುವುದು ಈ ಅನರ್ಥವನ್ನು ತಪ್ಪಿಸುವುದಕ್ಕಾಗಿಯೇ. ಈ ಶಾಸನವು ಹಿಂದೆಯೇ ಸ್ವೀಕೃತವಾಗಿದೆ ಎಂಬುದರ ಗುರುತು ಅದು.

ಇದಕ್ಕೆ ವಿಪರೀತವಾದ ತಪ್ಪೂ ಉಂಟು. ಶಾತಕರ್ಣಿಯ ಪ್ರಾಕೃತ ಶಾಸನವಿರುವ ಕಂಬದ ಮಳವಳ್ಳಿಯು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನದು. ಮಂಡ್ಯ ಜಿಲ್ಲೆಯ ಮಳವಳ್ಳಿಗೂ ಅದಕ್ಕೂ ಸಂಬಂಧವಿಲ್ಲ. ರೈಸರು ಆ ಕಂಬವನ್ನು ತಮ್ಮ ಏಳನೆಯ ಸಂಪುಟದಲ್ಲಿ (1902) ಅಚ್ಚುಮಾಡಿದರು. ಪರಿಷ್ಕೃತ ಆವೃತ್ತಿಯಲ್ಲಿ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕು ಸೇರಿರುವುದೂ ಏಳನೆಯ ಸಂಪುಟದಲ್ಲಿಯೇ. ಹೀಗಾಗಿ ‘ಎ.ಕ. 7, ಮಳವಳ್ಳಿ’ ಎಂದಷ್ಟೇ ಬರೆದ ಅಡಿಟಿಪ್ಪಣಿಯು ನೂರಾರು ಮೈಲಿ ದೂರದ ಎರಡು ಊರುಗಳನ್ನು ಒಂದು ಮಾಡಿಬಿಡುತ್ತದೆ. ಸಂಪುಟದ ವರ್ಷವನ್ನು ಕಾಣಿಸದ ಉಲ್ಲೇಖಗಳು ಸಂಶೋಧನ ಲೇಖನಗಳಲ್ಲಿ ಇನ್ನೂ ಬರುತ್ತಿರುವುದು ಶೋಚನೀಯ. ಒಂದನ್ನು ಎರಡಾಗಿ ಎಣಿಸಬಾರದೆಂಬ ಎಚ್ಚರವು ಅತಿಯಾದಲ್ಲಿ ಎರಡನ್ನು ಒಂದಾಗಿ ಎಣಿಸುವ ದೋಷಕ್ಕೆ ಎಡೆಯಾಗುತ್ತದೆಂಬುದನ್ನು ಮುಂದಿನ ವಿಚಾರದಲ್ಲಿಯೂ ನೆನೆಯಬೇಕಾಗುವುದು.

ಇನ್ನು ಪಹಣಿಯ ವಿಷಯ. ಕರ್ನಾಟಕದ ಕಂದಾಯ ಇಲಾಖೆಯು ಕೈಬರೆಹದ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ ‘ಭೂಮಿ’ ಯೋಜನೆಯು 1990ರ ದಶಕದ ಕೊನೆಯಲ್ಲಿ ಮೊದಲು ಪ್ರಯೋಗಕ್ಕೆ ಬಂದದ್ದು ಮದ್ದೂರು ತಾಲ್ಲೂಕಿನಲ್ಲಿ. ಕೆಲವೇ ವರ್ಷಗಳಲ್ಲಿ ಅದು ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ವ್ಯಾಪಿಸಿ, ಸುಮಾರು 2 ಕೋಟಿ ಪಹಣಿಗಳನ್ನು ಒಳಕೊಂಡಿತು. ಅದಕ್ಕೆ ಹಿಂದೆ ಈ ಬರೆಹವು ಗ್ರಾಮ ಲೆಕ್ಕಿಗರ ಕೈಯಲ್ಲಿಯೂ, ಅವರಿಗಿಂತ ಮೊದಲು ವಂಶಪಾರಂಪರ್ಯದ ಶಾನುಭೋಗರ ಕೈಯಲ್ಲಿಯೂ ಇದ್ದುದು ಸರ್ವವಿದಿತ. ಕ್ರಯಪತ್ರಗಳನ್ನು ನೋಂದಾಯಿಸುವ ಉಪನೋಂದಣಾಧಿಕಾರಿಗಳ ಕಚೇರಿಗೆ ‘ಕಾವೇರಿ’ ಎಂಬ ಬೇರೊಂದು ತಂತ್ರಾಂಶ ಬಂದಿತು. ಜಮೀನು ಮಾರಾಟವಾದಾಗ ಆ ಕಚೇರಿಯಿಂದ ತಹಶೀಲ್ದಾರರ ಕಚೇರಿಗೆ ಹೋಗುವ ತಿಳಿವಳಿಕೆಯ ಚೀಟಿಗೆ ‘ಜೆ-ಸ್ಲಿಪ್’ ಎಂದು ಹೆಸರು. ಹಿಂದೆ ಕಾಗದವಾಗಿದ್ದ ಈ ಚೀಟಿಯು ಎರಡು ತಂತ್ರಾಂಶಗಳನ್ನು ಜೋಡಿಸಿದ ಮೇಲೆ ತಂತಿಯ ಮೇಲಿನ ಸಂದೇಶವಾಯಿತು. ಅದು ಬಂದಮೇಲೆ ಹಕ್ಕು ಬದಲಾವಣೆಯ ಪ್ರಕರಣವೊಂದು ಹುಟ್ಟಿ, ಮ್ಯುಟೇಷನ್ ರಿಜಿಸ್ಟರಿನ ಸಂಖ್ಯೆಯನ್ನು, ಎಂದರೆ ಎಂ.ಆರ್. ಸಂಖ್ಯೆಯನ್ನು, ಪಡೆದು, ತಕರಾರಿಗೆ ಅವಕಾಶಕೊಡುವ ನೋಟೀಸಿನ ಅವಧಿ ಕಳೆದು, ಕಡೆಗೆ ಪಹಣಿಯ ಒಂಬತ್ತನೆಯ ಕಾಲಮಿನಲ್ಲಿ ಹೆಸರು ಬದಲಾಗುತ್ತದೆ. ಆ ಹೆಸರು ಹೇಗೆ ಬಂದಿತೆಂಬುದನ್ನು, ಎಂ.ಆರ್. ಸಂಖ್ಯೆಯೊಡನೆ, ಹತ್ತನೆಯ ಕಾಲಂ ಹೇಳುತ್ತದೆ.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಯಂತ್ರವು ಕಳುಹಿಸಿದ ಸಂದೇಶವು ಎರಡು ಸಲ ಏಕೆ ಬರಬೇಕು? ಮನುಷ್ಯನಂತೆ ಯಂತ್ರಕ್ಕೆ ಮರೆವುಂಟೆ? ಇದಕ್ಕೆ ಸಮಾಧಾನವೇನೆಂದರೆ: ಕಳುಹಿಸಿದವನಿಗೆ ‘ಮುಟ್ಟಿತು’ ಎಂಬ ಮರುಮಾತು ಬಾರದೆ ಹೋದಲ್ಲಿ, ದಾರಿಯಲ್ಲಿ ಕಳೆದುಹೋದದ್ದು ತನ್ನ ಓಲೆಯೋ ಅಥವಾ ಅವರ ಉತ್ತರವೋ ಎಂಬುದನ್ನು ತಿಳಿಯಲು ಅವನಿಗೆ ಯಾವ ಉಪಾಯವೂ ಇಲ್ಲ. ಸುಮ್ಮನಿದ್ದರೆ ಓಲೆಯೇ ಲೋಪವಾಗಿರಬಹುದು. ಮತ್ತೆ ಕಳುಹಿಸಿದರೆ ಪುನರುಕ್ತಿಯಾಗಬಹುದು. ಲೋಪಕ್ಕಿಂತ ಪುನರುಕ್ತಿಯು ಮೇಲೆಂದು ಎಣಿಸಿ, ಇಂತಹ ಜೋಡಣೆಗಳನ್ನು ರಚಿಸುವವರು ಸಾಮಾನ್ಯವಾಗಿ ಮತ್ತೆ ಕಳುಹಿಸುವ ಪಕ್ಷವನ್ನೇ ಹಿಡಿಯುತ್ತಾರೆ. ಆದಕಾರಣ ಪುನರುಕ್ತಿಯನ್ನು ನಿವಾರಿಸುವ ಭಾರವೆಲ್ಲವೂ ಸ್ವೀಕರಿಸುವವನ ಮೇಲೆ ಬೀಳುತ್ತದೆ. ಮನುಷ್ಯನ ದಾರಿಯೂ ಇದಕ್ಕೆ ಸೇರಿಕೊಳ್ಳಬಲ್ಲದು. ಖಾತೆ ಬದಲಾಗಲಿಲ್ಲವೆಂದು ಕಾತರಗೊಂಡ ಕ್ರಯದಾರನು ಕ್ರಯಪತ್ರದ ನಕಲನ್ನು ಲಗತ್ತಿಸಿ ತಾನೇ ಅರ್ಜಿ ಕೊಟ್ಟನಾದರೆ, ಒಂದೇ ಮಾರಾಟವು ಎರಡು ವೇಷಗಳಲ್ಲಿ ತಾಲ್ಲೂಕು ಕಚೇರಿಯನ್ನು ಹೊಕ್ಕಂತಾಯಿತು.

ಎಲ್ಲ ಪುನರುಕ್ತಿಯೂ ಒಂದೇ ಸಮನಾದ ಕೇಡನ್ನು ತರುವುದಿಲ್ಲ. ‘ಈ ನಂಬರಿನ ಒಡೆಯನು ಇಂಥವನಾಗಲಿ’ ಎಂಬ ಸಂದೇಶವನ್ನು ಎರಡು ಸಲವಲ್ಲ, ಹತ್ತು ಸಲ ನಡೆಸಿದರೂ ಫಲ ಒಂದೇ. ‘ಇಷ್ಟನ್ನು ಕಳೆ’ ಎಂಬುದು ಹಾಗಲ್ಲ. ಮಳವಳ್ಳಿ ತಾಲ್ಲೂಕಿನ ಒಂದು ಸರ್ವೆ ನಂಬರಿನಲ್ಲಿ 2 ಎಕರೆಯುಳ್ಳವನು 30 ಗುಂಟೆಯನ್ನು ಮಾರಿದನೆಂದು ಕಲ್ಪಿಸಿಕೊಳ್ಳಬಹುದು. ಅವನಿಗೆ ಉಳಿಯತಕ್ಕದ್ದು 1 ಎಕರೆ 10 ಗುಂಟೆ. ಅದೇ ಸಂದೇಶವು ಎರಡನೆಯ ಸಲವೂ ನಡೆದರೆ ಉಳಿಯುವುದು 20 ಗುಂಟೆ ಮಾತ್ರ. ಮಾರದ 30 ಗುಂಟೆ ಬರೆಹದಲ್ಲಿ ಕರಗಿಹೋಯಿತು. ಹನ್ನೊಂದನೆಯ ಕಾಲಮಿನ ಋಣದಲ್ಲಿ ಕೇಡು ಇನ್ನೂ ಗೂಢವಾದುದು. ಕಬ್ಬಿನ ಬೆಳೆಸಾಲವೊಂದು ಎರಡು ಸಲ ದಾಖಲಾದಲ್ಲಿ, ಸಾಲ ತೀರಿದ ಮೇಲೆ ಒಂದು ನಮೂದು ಅಳಿದು ಮತ್ತೊಂದು ನಿಲ್ಲುತ್ತದೆ. ಸಾಲಗಾರನಲ್ಲದವನು ಪಹಣಿಯ ಪಾಠದಲ್ಲಿ ಸಾಲಗಾರನಾಗಿಯೇ ಉಳಿಯುತ್ತಾನೆ. ಆಲಂಕಾರಿಕರು ಪುನರುಕ್ತವನ್ನು ದೋಷವೆಂದದ್ದು ರಸಕ್ಕೆ ಭಂಗ ಬರುವುದರಿಂದ. ಇಲ್ಲಿ ಭಂಗ ಬರುವುದು ಅನ್ನಕ್ಕೆ.

ಪಾಣಿನೀಯರಲ್ಲಿ, ಒಂದು ಸೂತ್ರವು ಒಂದು ಪದದ ಮೇಲೆ ಒಮ್ಮೆ ಕೆಲಸಮಾಡಿ ಮುಗಿದಮೇಲೆ ಅದೇ ಪದದ ಮೇಲೆ ಮತ್ತೆ ಹೊರಡಬಾರದೆಂದು ಕಟ್ಟುಮಾಡುವ ಪರಿಭಾಷೆಯೊಂದುಂಟು. ವೈಯಾಕರಣನಿಗೆ ಇದು ಸುಲಭ. ಪ್ರಕ್ರಿಯೆಯೆಲ್ಲವೂ ಅವನೊಬ್ಬನ ಬುದ್ಧಿಯಲ್ಲಿಯೇ ನಡೆಯುವುದರಿಂದ ಯಾವ ಸೂತ್ರವು ಆಗಲೇ ಬಂದು ಹೋಯಿತೆಂಬುದು ಅವನ ಕಣ್ಣಮುಂದೆಯೇ ಇರುತ್ತದೆ. ಎರಡು ಕಚೇರಿಗಳ ಎರಡು ಯಂತ್ರಗಳಿಗೆ ಹಂಚಿಹೋದ ಕಾರ್ಯದಲ್ಲಿ ಅಂತಹ ಏಕಬುದ್ಧಿ ಇಲ್ಲ. ಆದುದರಿಂದ ‘ಈ ಓಲೆಯನ್ನು ನಡೆಸಿಯಾಗಿದೆ’ ಎಂಬ ಸ್ಥಿತಿಯನ್ನು ಎಲ್ಲಿಯಾದರೂ ಬರೆದಿಡಲೇಬೇಕು. ಪ್ರಶ್ನೆಯಿರುವುದು ಎಲ್ಲಿ, ಯಾವಾಗ, ಯಾವ ಹೆಸರಿನಿಂದ ಎಂಬುದರಲ್ಲಿ.

ಮೊದಲು ಗುರುತು ಬರೆದು ಆಮೇಲೆ ಕಾರ್ಯ ಮಾಡುವುದಾದರೆ, ನಡುವೆ ವಿದ್ಯುತ್ತು ಹೋದಲ್ಲಿ ಗುರುತು ಇದೆ, ಕಾರ್ಯವಿಲ್ಲ. ಓಲೆ ಮರಳಿ ಬಂದರೂ ‘ಆಗಿದೆ’ ಎಂದು ತಳ್ಳಲ್ಪಡುತ್ತದೆ. ಇದು ಲಿಪಿಕಾರನ ಲೋಪ. ಮೊದಲು ಕಾರ್ಯ ಮಾಡಿ ಆಮೇಲೆ ಗುರುತು ಬರೆಯುವುದಾದರೆ, ನಡುವಣ ವಿಘ್ನದಿಂದ ಕಾರ್ಯವಿದೆ, ಗುರುತಿಲ್ಲ. ಓಲೆ ಬಂದಾಗ ಕಾರ್ಯ ಮತ್ತೊಮ್ಮೆ ನಡೆಯುತ್ತದೆ. ಇದು ಅವನ ಪುನರುಕ್ತಿ. ಉಳಿದ ದಾರಿ ಒಂದೇ: ಗುರುತೂ ಕಾರ್ಯವೂ ಒಂದೇ ಬರೆಹದ ಒಂದೇ ಉಸಿರಿನಲ್ಲಿ ಆಗಬೇಕು, ಆದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಆಗಕೂಡದು. ತಂತ್ರಾಂಶದ ದತ್ತಕೋಶಗಳು ಇದನ್ನು ಒಂದೇ ವ್ಯವಹಾರವಾಗಿ ನಡೆಸುವ ಸಾಮರ್ಥ್ಯವನ್ನು ಹೊಂದಿವೆ. ಆಶ್ಚರ್ಯವೇನೆಂದರೆ, ಪಹಣಿಯ ಹಳೆಯ ನಮೂನೆಯು ಯಂತ್ರವಿಲ್ಲದ ಕಾಲದಲ್ಲಿಯೇ ಈ ನೀತಿಯನ್ನು ಹಿಡಿದಿತ್ತು. ಒಂಬತ್ತನೆಯ ಕಾಲಮಿನಲ್ಲಿ ಹೆಸರು ಬರೆಯುವ ಕೈಯೇ ಅದೇ ಸಾಲಿನ ಹತ್ತನೆಯ ಕಾಲಮಿನಲ್ಲಿ ಎಂ.ಆರ್. ಸಂಖ್ಯೆಯನ್ನೂ ಬರೆಯಬೇಕು. ಫಲ ಮತ್ತು ಅದರ ಕಾರಣದ ಗುರುತು ಒಂದೇ ಹಾಳೆಯಲ್ಲಿ, ಒಂದೇ ಸಾಲಿನಲ್ಲಿ. ಈ ನಮೂನೆಯ ಕರ್ತೃವಿಗೆ ಯಾವ ಸಾಹಿತ್ಯಚರಿತ್ರೆಯಲ್ಲಿಯೂ ಸ್ಥಾನವಿಲ್ಲ.

ಆದರೂ ಈ ಕಾಲಮಿನಲ್ಲಿ ಒಂದು ಕೊರತೆಯುಂಟೆಂದು ಹೇಳಬೇಕಾಗಿದೆ. ಎಂ.ಆರ್. ಸಂಖ್ಯೆಯು ಸ್ವೀಕರಿಸಿದ ಕಚೇರಿಯು ಕೊಟ್ಟ ಹೆಸರು. ಕಳುಹಿಸಿದ ಕಚೇರಿಯ ಹೆಸರಲ್ಲ. ಒಂದೇ ಓಲೆಯು ಎರಡು ಸಲ ಬಂದು ಎರಡು ಸಲವೂ ಹೊಸದೆಂದು ಸ್ವೀಕೃತವಾದರೆ, ಅದಕ್ಕೆ ಎರಡು ಎಂ.ಆರ್. ಸಂಖ್ಯೆಗಳು ಹುಟ್ಟುತ್ತವೆ, ಸಂಖ್ಯೆಗಳು ಬೇರೆ ಬೇರೆಯಾಗಿರುವುದರಿಂದ ಪುನರುಕ್ತಿಯು ಹೊರಗೆ ಕಾಣುವುದೇ ಇಲ್ಲ. ರೈಸರ ಸಂಖ್ಯೆಯನ್ನು ಬಿಟ್ಟು ಹೊಸ ಸಂಖ್ಯೆಯನ್ನಷ್ಟೇ ಕೊಟ್ಟ ಶಾಸನಪಟ್ಟಿಯಂತೆ ಇದು. ಪುನರುಕ್ತಿಯನ್ನು ಹಿಡಿಯಬಲ್ಲದ್ದು ಕ್ರಯಪತ್ರವು ಹುಟ್ಟುವಾಗಲೇ ಪಡೆದ ನೋಂದಣಿ ಸಂಖ್ಯೆ: ಕಚೇರಿಯ ಸಂಕೇತ, ಪುಸ್ತಕದ ಸಂಖ್ಯೆ, ಕ್ರಮಾಂಕ, ವರ್ಷ ಇಷ್ಟೂ ಅದರಲ್ಲಿ ಅಡಕವಾಗಿವೆ. ಜೆ-ಸ್ಲಿಪ್ಪಿನ ಮೂಲಕ ಬಂದರೂ ಅರ್ಜಿಯ ಮೂಲಕ ಬಂದರೂ ಅದು ಬದಲಾಗುವುದಿಲ್ಲ. ಪಹಣಿಯು ಬಹುಮಟ್ಟಿಗೆ ಎಂ.ಆರ್. ಸಂಖ್ಯೆಯನ್ನೇ ನೆಚ್ಚಿಕೊಂಡು, ನೋಂದಣಿ ಸಂಖ್ಯೆಯನ್ನು ರಿಜಿಸ್ಟರಿನೊಳಗೆ ಬಿಟ್ಟಿರುವುದರಿಂದ, ಪಾಠವನ್ನು ಪರಿಶೋಧಿಸುವವನು ಎರಡು ಗ್ರಂಥಗಳನ್ನು ಎದುರುಬದುರಾಗಿಟ್ಟು ಓದಬೇಕಾಗುತ್ತದೆ.

ಹೆಸರಿನ ತಂಟೆಯೇ ಬೇಡ, ಒಕ್ಕಣೆಯನ್ನು ಹೋಲಿಸಿ ನೋಡಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಸಾಲದು. ಒಬ್ಬನೇ ಮಾರುವವನು ಒಬ್ಬನೇ ಕೊಳ್ಳುವವನಿಗೆ ಒಂದೇ ನಂಬರಿನಲ್ಲಿ 10 ಗುಂಟೆಯನ್ನು ಇಂದೂ, ಮತ್ತೆ 10 ಗುಂಟೆಯನ್ನು ಮುಂದಿನ ತಿಂಗಳೂ ಮಾರುವುದುಂಟು. ಒಕ್ಕಣೆ ಒಂದೇ, ವ್ಯವಹಾರ ಎರಡು. ಇದನ್ನು ಪುನರುಕ್ತಿಯೆಂದು ತಳ್ಳುವುದು ಶಿಕಾರಿಪುರದ ಮಳವಳ್ಳಿಯನ್ನು ಮಂಡ್ಯದ ಮಳವಳ್ಳಿಯೊಡನೆ ಬೆಸೆದಂತೆಯೇ.

ಈ ತೊಡಕಿಗೆ ಕರ್ನಾಟಕದ ಸರ್ವೆ ಇಲಾಖೆಯ 11-ಇ ನಕ್ಷೆಯು ಬೇರೊಂದು ಬಗೆಯ ಪರಿಹಾರವನ್ನು ಕೊಟ್ಟಿದೆ. ನಂಬರೊಂದರ ಭಾಗವನ್ನು ಮಾರುವುದಕ್ಕೆ ಮೊದಲು ಆ ಭಾಗವನ್ನು ಅಳೆದು ನಕ್ಷೆಯಲ್ಲಿ ಗುರುತಿಸಬೇಕೆಂಬುದು ಅದರ ನಿಯಮ. ಗಡಿಯ ಜಗಳವನ್ನು ತಪ್ಪಿಸುವುದು ಅದರ ಮುಖ್ಯ ಉದ್ದೇಶವಾದರೂ, ಪಾಠದ ದೃಷ್ಟಿಯಿಂದ ಅದು ಮತ್ತೊಂದು ಉಪಕಾರವನ್ನು ಮಾಡಿದೆ. ‘30 ಗುಂಟೆಯನ್ನು ಕಳೆ’ ಎಂಬ ವಾಕ್ಯವು ‘ಈ ಗುರುತಿನ ತುಂಡು ಇಂಥವನದಾಗಲಿ’ ಎಂಬ ವಾಕ್ಯವಾಗಿ ಮಾರ್ಪಟ್ಟಿದೆ. ಹಿಂದಿನದು ಎರಡು ಸಲ ನಡೆದರೆ ನೆಲ ಕರಗುತ್ತಿತ್ತು; ಇದು ಎರಡು ಸಲ ನಡೆದರೂ ನೆಲ ಇದ್ದಂತೆಯೇ ಇರುತ್ತದೆ. ಕ್ರಿಯಾಪದವೊಂದನ್ನು ಬದಲಿಸಿದುದರಿಂದ ದೋಷದ ಬೇರು ಸಡಿಲವಾಯಿತೆಂಬುದನ್ನು ಭಾಷಾಧ್ಯಾಪಕರು ಗಮನಿಸತಕ್ಕದ್ದು.

ಕಡೆಯದಾಗಿ, ಗುರುತನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕೆಂಬ ವಿಚಾರ. ಅಂಗಡಿ ವ್ಯಾಪಾರದ ತಂತ್ರಾಂಶಗಳಲ್ಲಿ, ಬಂದ ಸಂದೇಶಗಳ ಪಟ್ಟಿಯನ್ನು ಕೆಲವು ದಿನಗಳ ಮೇಲೆ ಅಳಿಸಿಬಿಡುವ ವಾಡಿಕೆಯುಂಟು; ಅಷ್ಟು ದಿನ ಕಳೆದಮೇಲೆ ಹಳೆಯ ಸಂದೇಶವು ಮರಳಿ ಬಾರದೆಂಬ ಭರವಸೆ ಅದಕ್ಕೆ ಆಧಾರ. ನೆಲದ ವಿಷಯದಲ್ಲಿ ಈ ಭರವಸೆ ನಿಲ್ಲುವುದಿಲ್ಲ. ತಂದೆ 1985ರಲ್ಲಿ ಮಾಡಿಸಿದ ಕ್ರಯಪತ್ರವನ್ನು ಮಗನು ಪೆಟ್ಟಿಗೆಯಿಂದ ತೆಗೆದು ಇಂದು ತಾಲ್ಲೂಕು ಕಚೇರಿಗೆ ತರಬಹುದು. ಆ ಓಲೆಯು ಹಿಂದೆಯೇ ನಡೆದುಹೋಗಿದೆಯೆ ಎಂದು ಕೇಳಿದರೆ, ‘ಭೂಮಿ’ಗಿಂತ ಹಿಂದಿನ ಆ ಪ್ರಕರಣದ ರಿಜಿಸ್ಟರು ಕಾಗದದಲ್ಲಿರುತ್ತದೆ, ಅದು ಅಭಿಲೇಖಾಲಯದ ಕಪಾಟಿನಲ್ಲಿ, ಅಂಚು ಸವೆದ ಹಾಳೆಗಳಲ್ಲಿ. ಕೈಬರೆಹದ ಪಹಣಿಯನ್ನು ಯಂತ್ರಕ್ಕೆ ಏರಿಸುವಾಗ ಹತ್ತನೆಯ ಕಾಲಮಿನ ಹಳೆಯ ಎಂ.ಆರ್. ಸಂಖ್ಯೆಯೂ ವರ್ಷವೂ ಸರಿಯಾಗಿ ಇಳಿದಿದ್ದರೆ, ಯಾವ ವರ್ಷದ ಯಾವ ಪುಸ್ತಕವನ್ನು ತೆರೆಯಬೇಕೆಂಬುದು ಗುಮಾಸ್ತನಿಗೆ ಒಡನೆಯೇ ತಿಳಿಯುತ್ತದೆ. ಆ ಕಾಲಂ ಬರಿದಾಗಿದ್ದರೆ, ಅಥವಾ ವರ್ಷ ಬಿಟ್ಟುಹೋಗಿ ಸಂಖ್ಯೆಯಷ್ಟೇ ಉಳಿದಿದ್ದರೆ, ಕಪಾಟಿನ ಪುಸ್ತಕಗಳನ್ನು ಒಂದೊಂದಾಗಿ ತೆರೆಯುವುದೊಂದೇ ಗತಿ.